ಸಂಜೆಯ ಕಷಾಯ

ಓರಗಿತ್ತಿ ಶಶಿರೇಖಾಳಿಗೆ ಈಗ ಐದು ತಿಂಗಳು. ಅಂಜನಾಪುರದ ಕಾಲುವೆ ನೀರು ಬಿಟ್ಟಾಗ ನಾಟಿಗೆ ಇಳಿದವಳಿಗೆ ಶೀತ ಹಿಡಿದದ್ದು ಬಿಡಲೇ ಇಲ್ಲ. ಅತ್ತೆ ಹುಲಿಯಮ್ಮ ದಿನಾ ಸಂಜೆ ಓಮ, ಮೆಣಸು, ಬೆಲ್ಲದ ಕಷಾಯ ಕುದಿಸಿ ಕೊಡುತ್ತಾರೆ. ನನ್ನ ತವರು ಆನವಟ್ಟಿ ಕಡೆ ಈ ಪದ್ಧತಿಯಿಲ್ಲ. ಮಗಳು ಮಾನಸ ಹೊಟ್ಟೆಯಲ್ಲಿದ್ದಾಗ ನನಗೂ ಕೊಟ್ಟಿದ್ದರು.

ಮಾನಸಳಿಗೆ ಏಳು ತುಂಬಿದೆ. ಬೆಳಿಗ್ಗೆ ಕಲಿತ ಅಕ್ಷರ ಮಧ್ಯಾಹ್ನಕ್ಕೆ ಇರುವುದಿಲ್ಲ. ನಾನು ಮತ್ತೆ ತೋರಿಸುತ್ತೇನೆ, ಅವಳು ಮೊದಲ ಸಲ ನೋಡಿದಂತೆ ನಗುತ್ತಾಳೆ. ಕಳೆದ ತಿಂಗಳು ಶಿವಮೊಗ್ಗದ ಡಾಕ್ಟರು ಅವಳ ತೆಳು ಮೇಲ್ದುಟಿ, ಪುಟ್ಟ ತಲೆ ನೋಡಿ, "ಬಸುರಿದ್ದಾಗ ಕುಡೀತಿದ್ರಾ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದು ನಿಂತರು. "ಏನ್ ಮಾತಂತ ಆಡ್ತೀರಿ ಡಾಕ್ಟ್ರೇ? ನಮ್ಮನಿ ಹೆಣ್ಮಕ್ಳು ಬಾಟ್ಲಿ ಮುಟ್ಟೋರಲ್ರೀ!"

ತಾಯಿ ಕುಡಿದದ್ದು ಮಗುವಿಗೂ ಸೇರುತ್ತದೆ, ಮಿದುಳಿನ ಬೆಳವಣಿಗೆಯನ್ನೇ ಕೆಡಿಸುತ್ತದೆ ಎಂದು ಡಾಕ್ಟರು ಹೇಳಿದ್ದು ಇನ್ಯಾರಿಗೋ ಹೇಳಿದಂತೆ ಕೇಳಿಸಿತ್ತು.

ನಿನ್ನೆ ಅತ್ತೆಗೆ ಮಂಡಿನೋವು. ಕಷಾಯ ಕುದಿಸಲು ನನಗೇ ಹೇಳಿದರು. ನಾನು ಸೋಸಿ ಲೋಟಕ್ಕೆ ಹಾಕುತ್ತಿದ್ದಂತೆ, "ತಡಿ, ಇನ್ನೂ ಆಗಿಲ್ಲ" ಎಂದು ಅಕ್ಕಿ ಡಬ್ಬದ ಹಿಂದಿನಿಂದ ಚಪ್ಪಟೆ ಬಾಟಲಿ ತೆಗೆದು ಧಾರಾಳವಾಗಿ ಬಗ್ಗಿಸಿದರು. ಆ ಘಾಟು ನನ್ನ ಗಂಟಲಿಗೆ ಗೊತ್ತಿತ್ತು. ಇಷ್ಟು ವರ್ಷ ಓಮದ್ದೆಂದುಕೊಂಡಿದ್ದೆ.

"ಇದೇನತ್ತೆ?"

"ಬ್ರಾಂದಿ ಕಣೇ. ನಿನಗೂ ಹೆರೋ ತನಕ ಕೊಟ್ಟೀನಲ್ಲ."

"ಡಾಕ್ಟ್ರು ಕೇಳಿದಾಗ ಇಲ್ಲ ಅಂದ್ರಿ!"

"ಅವ್ರು ಕುಡಿಯೋದು ಕೇಳಿದ್ರು. ಇದು ಔಷಧಿ."

ಅವರ ಮುಖದಲ್ಲಿ ಕಪಟವಿರಲಿಲ್ಲ.

ಶಶಿರೇಖಾ ಒಳಗೆ ಬಂದಳು. "ತಾರೇ ಅಕ್ಕಾ, ಅದು ಬಿದ್ರೇನೇ ನಂಗೆ ನಿದ್ದೆ. ನೀನೇ ಕುಡಿಯೋ ಯೋಚನೆ ಐತೇನು, ಆಸೆಬುರುಕಿ?"

ನಾನು ಲೋಟವನ್ನು ಬಚ್ಚಲಿಗೆ ಸುರಿದೆ.

"ಹುಚ್ಚು ಹಿಡೀತೇನೇ ನಿಂಗೆ?" ಅತ್ತೆ ಕೂಗಿದರು.

ಮಾನಸಳನ್ನು ಎತ್ತಿ ಆಡಿಸಿ ಬೆಳೆಸಿದವರು ಅವರು. ಅವರೆದುರೇ ಹೇಳಬೇಕಾಯಿತು. "ಮಾನಸಾಗೆ ಹಿಂಗಾಗಿದ್ದು ಇದರಿಂದಾನೇ ಇರಬೇಕು, ಅತ್ತೆ."

ಅತ್ತೆ ಗೋಡೆ ಹಿಡಿದು ಕೂತರು. ಶಶಿರೇಖಾಳ ನಗು ನಿಂತಿತು.

"ಇವತ್ತಿಂದ ಒಂದು ತೊಟ್ಟೂ ಬೇಡ," ಎಂದೆ. "ಈಗ ಬಿಟ್ರೂ ಮಗೀಗೆ ಒಳ್ಳೇದೇ. ನಾಳೆ ಡಾಕ್ಟ್ರತ್ರ ಹೋಗಾಣ."

"ಇಲ್ಲೀ ತನಕ ಕುಡಿದಿದ್ದು, ಅಕ್ಕಾ?"

ನಾನು ಬಾಟಲಿಯಲ್ಲಿ ಉಳಿದದ್ದನ್ನೂ ಬಚ್ಚಲಿಗೆ ಸುರಿದೆ.

ಅಷ್ಟರಲ್ಲಿ ಮಾನಸ ಓಡಿಬಂದು, ಪಾಪು ಏನು ಮಾಡುತ್ತಿದೆಯೆಂದು ಕೇಳುತ್ತ ಚಿಕ್ಕಮ್ಮನ ಹೊಟ್ಟೆಗೆ ಕಿವಿಯಿಡಲು ಹೋದಳು.

ಶಶಿರೇಖಾ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡು ಹಿಂದೆ ಸರಿದಳು.