ಹುಸೇನಸಾಬನ ಹೆಸರಲ್ಲಿ ನಾನು

"ಲೇ ಕೊಪ್ಪಳ, ಕಮೋಡಿನ ಅಂಚು ಯಾರೋ ಉಜ್ಜೋದು? ನಿಮ್ಮಪ್ಪ ಫ್ಲೈಟ್ ಹತ್ಕೊಂಡು ಬರ್ತಾನಾ?"

ಉಮಾಪತಿ ಬಾಗಿಲಲ್ಲಿ ನಿಂತು ಕೂಗುತ್ತಿದ್ದ. ನಾನು ಆಫೀಸೊಂದರ ಹನ್ನೊಂದನೇ ಮಹಡಿಯ ಪಾಯಿಖಾನೆಯಲ್ಲಿ ಮಂಡಿಯೂರಿದ್ದೆ. ಅವನು ಬೆಂಗಳೂರಿನ ಇಂಜಿನಿಯರು, ಬ್ರಿಸ್ಬೇನಿಗೆ ಬಂದು ಕ್ಲೀನಿಂಗ್ ಕಾಂಟ್ರಾಕ್ಟು ಹಿಡಿದವನು. ಫಾರೆಸ್ಟ್ ಲೇಕ್ ಬಡಾವಣೆಯಲ್ಲಿ ಕೆರೆಗೆ ಮುಖ ಮಾಡಿದ ಮನೆ ಕಟ್ಟಿಸಿದ್ದ. ನಮ್ಮೂರ ಕಡೆಯ ಸ್ಟೂಡೆಂಟುಗಳಿಗೆ ಅನ್ನದ ದಾರಿ ಮಾಡಿದ್ದೇನೆ ಎಂದು ರಾಜ್ಯೋತ್ಸವದ ದಿನ ಮೈಕು ಹಿಡಿದು ಹೇಳಿದ್ದ. ನಾವೂ ಚಪ್ಪಾಳೆ ತಟ್ಟಿದ್ದೆವು.

"ಉಜ್ತೀನ್ರೀ ಸರ್."

"ಕತ್ತಲ್ಲಿರೋದು ಯಾರ ಪಾಸು?"

"ಹುಸೇನಂದ್ರಿ."

"ಗುಡ್. ನಿನ್ನ ಅವರ್ಸ್ ಮುಗಿದೋಗಿದೆ. ಯಾರಾದ್ರೂ ಕೇಳಿದ್ರೆ ನೀನೇ ಹುಸೇನ. ತಲೇಲಿ ಇಟ್ಕೊ."

ನಮ್ಮ ವೀಸಾದಲ್ಲಿ ಹದಿನೈದು ದಿನಕ್ಕೆ ನಲವತ್ತು ತಾಸು ಮಾತ್ರ ದುಡಿಯಬಹುದಿತ್ತು. ಅಷ್ಟರಲ್ಲಿ ಫೀಸೂ ಸಾಗದು, ಹೊಟ್ಟೆಯೂ ತುಂಬದು. ಅದಕ್ಕೆ ಉಮಾಪತಿಯೇ ದಾರಿ ಹುಡುಕಿದ್ದ. ಒಬ್ಬನ ತಾಸು ಮುಗಿದರೆ ಇನ್ನೊಬ್ಬನ ಪಾಸು ಕೊರಳಿಗೆ ಹಾಕಿಕೊಂಡು ಬಾಗಿಲು ತೆರೆಯುವುದು. ಆ ಭಾನುವಾರ ನನ್ನ ರೂಮಿನ ಜೊತೆಗಾರ ಹುಸೇನಸಾಬ ನದಾಫ ಜ್ವರ ಬಂದು ಮಲಗಿದ್ದ. "ನನ್ನ ಪಾಸ್ ಒಯ್ಯೋ ಶಿವರುದ್ರಾ, ಸುಮ್ನ ಯಾಕ ಬಿದ್ದಿರಬೇಕು" ಎಂದು ಅವನೇ ಕೊಟ್ಟು ಕಳಿಸಿದ.

ಅದು ಎರಡು ಸಾವಿರದ ಹದಿನಾಲ್ಕರ ನವೆಂಬರ್. ದೇಶದೇಶದ ದೊಡ್ಡವರೆಲ್ಲ ಬ್ರಿಸ್ಬೇನಿನಲ್ಲಿ ಸೇರುವವರಿದ್ದರು. ಬೀದಿಗಳಿಗೆ ಬೇಲಿ ಬಿದ್ದಿತ್ತು, ಮೂಲೆಮೂಲೆಗೆ ಪೊಲೀಸರಿದ್ದರು. ಉಮಾಪತಿ ಹೋದಮೇಲೆ ನಾನು ಕಿಟಕಿಯ ಹತ್ತಿರ ನಿಂತು ಊರಲ್ಲಿರುವ ತಂಗಿ ಬನಶಂಕರಿಗೆ ವಿಡಿಯೋ ಕಾಲ್ ಮಾಡಿದೆ. ನದಿ ತೋರಿಸಿದೆ. ದೊಡ್ಡವರು ಇಳಿದುಕೊಳ್ಳುವ ಹೋಟೆಲು ಎದುರಿಗೇ ಇತ್ತು, ಅದನ್ನೂ ತೋರಿಸಿದೆ. "ಅಣ್ಣಾ, ನೀ ಇಂಥಾ ಆಫೀಸಿನ್ಯಾಗ ಕೆಲಸಾ ಮಾಡ್ತಿ?" ಎಂದು ಅವಳು ಹಿಗ್ಗಿದಳು. ಹೌದು ಎಂದೆ. ಕಾಲು ತಾಸು ಜಂಬ ಕೊಚ್ಚಿಕೊಂಡೆ.

ಬುಧವಾರ ರಾತ್ರಿ ಹತ್ತು ಗಂಟೆಗೆ ಪೊಲೀಸರು ಮನೆಗೆ ಬಂದರು. ನಾನು ರೊಟ್ಟಿ ಬೇಯಿಸುತ್ತಿದ್ದೆ. ಅವರು ಬೈಯಲಿಲ್ಲ, ಹೊಡೆಯಲಿಲ್ಲ. ಬೂಟು ಹೊರಗೆ ಬಿಡಬೇಕೇ ಎಂದು ಕೂಡ ಒಬ್ಬ ಕೇಳಿದ. ಹಾಸಿಗೆ ಹರಿದರು, ಹಿಟ್ಟಿನ ಡಬ್ಬಿ ಸುರಿದರು, ಹುಸೇನ ನಮಾಜಿಗೆ ಹಾಸುವ ಜಾನಿಮಾಜನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸೀಲು ಮಾಡಿದರು. ಆಮೇಲೆ ಒಂದು ಫೋಟೋ ಮುಂದೆ ಹಿಡಿದರು. ಆಫೀಸಿನ ಕ್ಯಾಮೆರಾಕ್ಕೆ ಸಿಕ್ಕಿದ್ದು; ಕಿಟಕಿಯ ಹತ್ತಿರ ಆ ಹೋಟೆಲಿನ ಕಡೆ ಫೋನು ಎತ್ತಿ ನಿಂತವನ ಬೆನ್ನು ಅದು, ತಲೆಗೆ ಟೋಪಿ. ಭಾನುವಾರ ಸಂಜೆ ಐದಕ್ಕೆ ಈ ಪಾಸಿನಲ್ಲಿ ಒಳಗೆ ಹೋದವನು ನೀನೇನಾ ಎಂದು ಹುಸೇನನನ್ನು ಕೇಳಿದರು.

ಹುಸೇನ ನನ್ನ ಕಡೆ ನೋಡಿದ. ಒಂದೇ ಸಲ.

ನಾನು ರೊಟ್ಟಿ ಮಗುಚಿದೆ.

"ಯೆಸ್ ಸರ್, ನಾನೇ" ಎಂದ ಹುಸೇನ.

ಅದು ನನ್ನ ಬೆನ್ನು. ನನ್ನ ಬೆನ್ನು ನನಗೆ ಗೊತ್ತಾಗದೇ? ಅವರಿಗೆ ನಾವಿಬ್ಬರೂ ಒಂದೇ ಕರಿ ಮೈಯವರು, ಪಾಸಿನ ಮೇಲೆ ಯಾವ ಹೆಸರಿದೆ ಎಂಬುದಷ್ಟೇ ಅವರಿಗೆ ಬೇಕಿತ್ತು. ಬೆನ್ನಿಗೆ ಶಿವರುದ್ರಪ್ಪ ಎಂಬ ಹೆಸರಿದ್ದರೆ ಇಷ್ಟು ಜನ ಬರುತ್ತಿದ್ದರೋ ಇಲ್ಲವೋ, ನಾನು ಕಾಣೆ. ಹಿರಿಯ ಅಧಿಕಾರಿ ಹುಸೇನನನ್ನು ಕರೆದುಕೊಂಡು ಹೋಗುವಾಗ ನನಗೆ ಸಮಾಧಾನ ಹೇಳಿದ. ನಮ್ಮದು ತಪ್ಪಾಗಿದ್ದರೆ ನಿನ್ನ ಗೆಳೆಯನಿಗೆ ಎರಡು ವಾರ ನಷ್ಟ, ಸರಿಯಾಗಿದ್ದರೆ ಎಷ್ಟೋ ಜೀವ ಉಳಿಯುತ್ತವೆ ಎಂದ. ಅವರದು ತಪ್ಪು ಎಂದು ಆ ಮನೆಯಲ್ಲಿ ಬಾಯಿಬಿಟ್ಟು ಹೇಳಬಲ್ಲವನು ನಾನೊಬ್ಬನೇ ಇದ್ದೆ. ತಲೆಯಾಡಿಸಿದೆ.

ಮರುದಿನ ಫೋನ್ ಬಂತು.

"ಐ ಆಮ್ ಸೇಫ್" ಎಂದಿತು ಹುಸೇನನ ದನಿ. "ಸದ್ಯಕ್ಕೆ ನನ್ನನ್ನು ಸಂಪರ್ಕಿಸಲು ಆಗುವುದಿಲ್ಲ" ಎಂಬುದನ್ನೂ ಇಂಗ್ಲಿಷಿನಲ್ಲೇ ಹೇಳಿದ.

"ಹುಸೇನಿ, ಎಲ್ಲಿ ಅದೀಯೋ? ಊಟಾ ಕೊಟ್ಟಾರೇನು? ಜ್ವರಾ ಹೆಂಗೈತಿ?"

ಮತ್ತೆ ಅದೇ ಎರಡು ವಾಕ್ಯ, ಇಂಗ್ಲಿಷಿನಲ್ಲೇ. ಎರಡು ವರ್ಷ ಒಂದೇ ತಾಟಿನಲ್ಲಿ ಉಂಡಿದ್ದೆವು, ಒಂದು ದಿನವೂ ಅವನು ನನ್ನ ಜೊತೆ ಇಂಗ್ಲಿಷ್ ಆಡಿದವನಲ್ಲ. ಯಾರೋ ಪಕ್ಕದಲ್ಲಿ ಕೇಳಿಸಿಕೊಳ್ಳುತ್ತಿದ್ದರು, ಉಸಿರು ನನಗೂ ಕೇಳುತ್ತಿತ್ತು. ಫೋನ್ ಕಟ್ಟಾಯಿತು. ಆರೋಪವಿಲ್ಲದೆ ಹದಿನಾಲ್ಕು ದಿನ ಹಿಡಿದಿಡಬಹುದಂತೆ, ಕ್ಷೇಮವಾಗಿದ್ದೇನೆ, ಸಿಗಲಾರೆ ಎಂಬೆರಡು ಮಾತು ಬಿಟ್ಟರೆ ಬೇರೇನೂ ಹೇಳುವಂತಿಲ್ಲವಂತೆ. ಅದೇ ಕಾನೂನು.

ಉಮಾಪತಿಯ ಮನೆಗೆ ಓಡಿದೆ. ಅವನು ಹಿತ್ತಲಲ್ಲಿ ಬಾರ್ಬೆಕ್ಯೂ ಒಲೆಯ ಮೇಲೆ ಪನೀರು ಸುಡುತ್ತಿದ್ದ.

"ಸರ್, ಹೇಳಿಬಿಡೂಣ್ರಿ. ಆವತ್ತು ಹೋಗಿದ್ದು ನಾನು ಅಂತ."

"ಹುಚ್ಚು ಬೋಳಿಮಗನೆ, ಮೆಲ್ಲಗೆ ಮಾತಾಡು. ನಿನ್ನ ವೀಸಾ ನಾಳೆ ಬೆಳಿಗ್ಗೆ ಹೋಗತ್ತೆ. ನನ್ನ ಕಾಂಟ್ರಾಕ್ಟ್ ಮಧ್ಯಾಹ್ನ ಹೋಗತ್ತೆ."

"ಅಂವಾ ಏನೂ ಮಾಡಿಲ್ರೀ."

"ಮಾಡಿಲ್ಲ ಅಂದ್ರೆ ಬಿಡ್ತಾರೆ. ಇದು ಡೆಮಾಕ್ರಸಿ ಕಣೋ. ಅವರ ಪೈಕಿ ಒಬ್ಬನ್ನ ವಿಚಾರಿಸಿದ್ರೆ ನಿಂಗ್ಯಾಕೋ ಉರಿ? ಇವತ್ತು ಮಧ್ಯಾಹ್ನದ ಶಿಫ್ಟಿಗೆ ಬಾ, ಹುಸೇನಂದೂ ನೀನೇ ಮಾಡು."

ಥೂ ಎಂದು ಉಗಿದು ಬರಬೇಕಿತ್ತು. ಹೋಗಿ ಹುಸೇನನ ಪಾಲಿನ ಪಾಯಿಖಾನೆಗಳನ್ನೂ ತೊಳೆದೆ. ಬನಶಂಕರಿ ನರ್ಸಿಂಗ್ ಓದುತ್ತಿದ್ದಾಳೆ, ಇನ್ನೊಂದು ವರ್ಷವಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಬಿಟ್ಟುಬಿಡುತ್ತಾರೆ ಎಂದೂ ಹೇಳಿಕೊಂಡೆ. ಹಾಗೆ ಒಂಬತ್ತು ದಿನ ಕಳೆದವು. ಆ ಒಂಬತ್ತೂ ದಿನ ನನಗೆ ಸರಿಯಾಗಿ ಹಸಿವಾಗುತ್ತಿತ್ತು, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಒಂಬತ್ತನೇ ದಿನ ಹುಸೇನನ ಅವ್ವ ನನ್ನ ನಂಬರಿಗೆ ಫೋನ್ ಮಾಡಿದಳು. ಗಾದಿ ಹೊಲಿದು ಮಗನನ್ನು ಓದಿಸಿದವಳು.

"ಶಿವರುದ್ರಾ, ನಮ್ಮ ಹುಸೇನಿ ಫೋನ ಎತ್ತವಲ್ಲ ನೋಡಪಾ."

"ಅಂವಾ ಆರಾಮ ಅದಾನಬೇ. ಸದ್ಯಕ್ಕ ಸಿಗೂದಿಲ್ಲ."

ಹೇಳಿದ ಮೇಲೆ ಅದು ಯಾರ ಮಾತು ಎಂಬುದು ಹೊಳೆಯಿತು. ಅವರು ಹುಸೇನನ ಬಾಯಲ್ಲಿ ಹಾಕಿದ್ದನ್ನು ನಾನು ಅವನ ಅವ್ವನ ಕಿವಿಗೆ ಹಾಕಿದ್ದೆ, ಯಾರೂ ಹೇಳಿಕೊಡದೆ.

"ನೀ ಜೋಡಿ ಇದ್ದೀ ಅಂದ್ರ ನನಗೇನ ಚಿಂತಿಲ್ಲ ಬಿಡು" ಎಂದಳು ಅವಳು.

ಅಂಗಿ ಬದಲಿಸದೆ ಪೊಲೀಸ್ ಸ್ಟೇಷನ್ನಿಗೆ ಹೋದೆ. ಕೌಂಟರಿನ ಹೆಂಗಸು ಹುಸೇನಸಾಬ ನದಾಫ ಎಂಬ ಹೆಸರನ್ನು ಕೇಳಿ, ಅಂಥವನು ನಮ್ಮಲ್ಲಿದ್ದಾನೆ ಎಂದೂ ಹೇಳಲಾರೆ, ಇಲ್ಲ ಎಂದೂ ಹೇಳಲಾರೆ ಎಂದಳು. ಹೇಳಬೇಡ, ನಾನು ಹೇಳುವುದನ್ನು ಬರೆದುಕೋ ಎಂದೆ. ನನಗೆ ಬರುವ ಹರಕು ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಪಾಸು ಅವನದು, ಬೆನ್ನು ನನ್ನದು ಎಂದೆ. ಉಮಾಪತಿಯ ಹೆಸರು, ಮನೆ, ಫೋನ್ ನಂಬರು ಬರೆಸಿದೆ. ಎಷ್ಟು ದಿನದಿಂದ ಇದು ಗೊತ್ತಿತ್ತು ಎಂದು ಕೇಳಿದಳು.

"ಒಂಬತ್ತು."

ಅವಳ ಪೆನ್ನು ನಿಂತಿತು. ಆಮೇಲೆ ಅದನ್ನೂ ಬರೆದುಕೊಂಡಳು. ನೀನು ಆತನಿಗೆ ಏನಾಗಬೇಕು, ಗೆಳೆಯನೇ ಎಂದು ಕೇಳಿದಳು, ಫಾರಮ್ಮಿನಲ್ಲಿ ಅದಕ್ಕೊಂದು ಖಾಲಿ ಜಾಗವಿತ್ತು.

ನಾನು ಆ ಖಾಲಿ ಜಾಗದ ಮೇಲೆ ಬೆರಳಿಟ್ಟೆ.

"ನಾನು ಸುಮ್ಮನಿದ್ದುದಕ್ಕೆ ಅವನು ಒಳಗಿದ್ದಾನೆ. ಅದನ್ನೇ ಬರಿ" ಎಂದೆ.

ಅಷ್ಟು ಜಾಗವಿಲ್ಲ ಎಂದಳು. ಫಾರಮ್ಮನ್ನು ನನ್ನ ಕಡೆ ಎಳೆದುಕೊಂಡೆ. ಅವಳು ಬೇಡ ಬೇಡ ಎನ್ನುತ್ತಿದ್ದಂತೆ, ಗೆರೆ ದಾಟಿ, ಅಂಚಿನ ತುಂಬ ಕನ್ನಡದಲ್ಲಿ ಬರೆಯತೊಡಗಿದೆ.