ಅರ್ಧ ಕಳೆದ ಅಳತೆ

ಕೊಪ್ಪದಿಂದ ಶೃಂಗೇರಿಗೆ ಹೋಗುವ ರಸ್ತೆಯಲ್ಲಿ ನನ್ನ ವೆಲ್ಡಿಂಗ್ ಶಾಪು. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ದೊಡ್ಡ ಕೆಲಸ ನಡೆಯುವ ಶಾಪು ಏಷ್ಯಾ ಖಂಡದಲ್ಲಿ ಇನ್ನೊಂದಿಲ್ಲ. ನಾನು ಬೆಸುಗೆ ಹಾಕಿದ ಗೇಟಿಗೆ ಒಂದು ಕಾಡುಕೋಣ ಗುದ್ದಿತ್ತು. ಗೇಟಿಗೆ ಏನೂ ಆಗಲಿಲ್ಲ. ಕೋಣ ಎರಡು ದಿನ ತಲೆಸುತ್ತು ಬಂದು ಅಲ್ಲೇ ಮಲಗಿತ್ತು.

ನಂಬದಿದ್ದರೆ ಬಿಡಿ. ನಮ್ಮ ಕಡೆ ಯಾರೂ ನಂಬುವುದಿಲ್ಲ. ಅಡಿಕೆ ತೂಗುವಾಗ ಚೀಲದ ತೂಕ ಕಳೆಯುತ್ತಾರಲ್ಲ, ಹಾಗೆ ನನ್ನ ಮಾತು ಕಿವಿಗೆ ಬಿದ್ದ ಕೂಡಲೇ ಅರ್ಧ ಕಳೆದುಬಿಡುತ್ತಾರೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರೂ ತಾಲೂಕಿನಲ್ಲಿ ಇದು ಕಾಯಿದೆ. ಗುರುವ, ಅಂದರೆ ನಾನು, ಕಂಡ ಹಾವು ಹತ್ತಡಿ ಇದ್ದರೆ ಊರಿಗೆ ಅದು ಐದಡಿ. ನನ್ನ ಹೆಂಡತಿ ಸೀತಕ್ಕ ಮಾತ್ರ ಒಂದು ವಿಷಯದಲ್ಲಿ ಲೆಕ್ಕ ತಿರುಗಿಸುತ್ತಾಳೆ. ಹತ್ತು ನಿಮಿಷದಲ್ಲಿ ಮನೆಗೆ ಬಂದೆ ಅಂದರೆ ಅದನ್ನು ಇಪ್ಪತ್ತು ಮಾಡಿಕೊಂಡು ಒಲೆ ಹೊತ್ತಿಸುತ್ತಾಳೆ.

ಹಾಗಾಗಿ ನಾನು ರೇಸ್ ಕಾರು ಕಟ್ಟುತ್ತಿದ್ದೇನೆ ಅಂದಾಗ ಜನ ಅರ್ಧ ಕಳೆದು, ಗುರುವ ಯಾರದೋ ಸ್ಕೂಟರ್ ರಿಪೇರಿ ಮಾಡುತ್ತಿದ್ದಾನೆ ಅಂತ ತಿಳಿದುಕೊಂಡರು.

ಕಾರು ನನಗಲ್ಲ. ನನ್ನ ಅಕ್ಕನ ಮಗಳು ಮಲ್ಲಿಕಾಗೆ. ಅವಳು ಪಿಕಪ್ಪಿನಲ್ಲಿ ಎಸ್ಟೇಟುಗಳಿಗೆ ಕೆಲಸದವರನ್ನು ಸಾಗಿಸುತ್ತಾಳೆ. ಶೃಂಗೇರಿ ರಸ್ತೆಯ ತಿರುವುಗಳಲ್ಲಿ ಅವಳು ಹೋದಳೆಂದರೆ ವಾಹನದ ನೆರಳು ಹಿಂದೆ ಬಿದ್ದು, ದಾರಿ ಕೇಳಿಕೊಂಡು ಬರಬೇಕು. ಶಿವಮೊಗ್ಗದ ಶಶಿಕಿರಣ್ ಎಂಬವರು ರ‍್ಯಾಲಿ ತಂಡ ನಡೆಸುತ್ತಾರೆ. ಶೆಟ್ಟಿಕೊಪ್ಪದಲ್ಲಿ ಭತ್ತ ಕೊಯ್ದ ಗದ್ದೆಯ ಮೇಲೆ ಭಾನುವಾರ ಕಾರುಗಳ ಓಟ ಇತ್ತು. ಅದಕ್ಕೆ ಬರುವ ಮೊದಲು ಅವರು ಮಲ್ಲಿಕಾಗೆ ಫೋನಿನಲ್ಲಿ ಹೇಳಿದ್ದು ಇಷ್ಟು: "ನಾಲ್ಕು ಸುತ್ತು, ಮಧ್ಯದಲ್ಲಿ ನಿಲ್ಲದೆ ಮುಗಿಸಿ ತೋರ್ಸಮ್ಮ. ತಂಡದಲ್ಲಿ ಒಂದು ಸೀಟಿದೆ. ನಿಂತು ಹೋದ್ರೆ ಬೇರೆಯವರು ಕಾಯ್ತಾ ಇದಾರೆ."

ಅಂದಿನಿಂದ ಅವಳು ನಿದ್ದೆ ಬಿಟ್ಟಳು. ನಾನು ಊಟ ಬಿಟ್ಟೆ. ಸೀತಕ್ಕ ಇಲ್ಲಿ ಅರ್ಧ ಕಳೆಯುತ್ತಾಳೆ: ಎರಡನೇ ಸಲ ಅನ್ನ ಹಾಕಿಸಿಕೊಳ್ಳುವುದನ್ನು ಮಾತ್ರ ಬಿಟ್ಟೆನಂತೆ.

ಕಾರಿನ ಚೌಕಟ್ಟು ಪೂರ್ತಿ ಪೈಪಿನದು. ಎಷ್ಟು ಹಗುರ ಅಂದರೆ ಸೀತಕ್ಕ ಅದನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಕೆಳಗೆ ಗುಡಿಸುತ್ತಿದ್ದಳು. ಎಂಜಿನ್ನು ಮುತ್ತಿನಕೊಪ್ಪದ ಗುಜರಿಯಿಂದ ತಂದ ಎಂಟುನೂರು ಸಿಸಿಯ ಮೂರು ಸಿಲಿಂಡರಿನದು. ಮೂರಕ್ಕೂ ಸೇರಿ ಒಂದೇ ಕಾರ್ಬೊರೇಟರ್ ಇತ್ತು. ಮೂರು ಜನ ಒಂದೇ ಮೂಗಿನಲ್ಲಿ ಉಸಿರಾಡಿದ ಹಾಗೆ. ಸಿಲಿಂಡರಿಗೊಂದರಂತೆ ಬೈಕಿನ ಮೂರು ಕಾರ್ಬೊರೇಟರ್ ಕೂರಿಸುವುದು ನನ್ನ ಯೋಜನೆ. ಅವುಗಳನ್ನು ಎಂಜಿನ್ನಿಗೆ ಸೇರಿಸುವ ಮೂರು ಕೊಳವೆಯ ಮ್ಯಾನಿಫೋಲ್ಡ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನಾವೇ ಹುಟ್ಟಿಸಬೇಕು.

ಹುಟ್ಟಿಸಿದೆ. ಹಲಸಿನ ಮರದಲ್ಲಿ ಮಾದರಿ ಕೆತ್ತಿದೆ. ಹರಿಹರಪುರದ ಹತ್ತಿರ ತುಂಗೆಯ ಸಣ್ಣ ಮರಳು ತಂದು, ಜೇಡಿ ಕಲಸಿ ಅಚ್ಚು ಮಾಡಿದೆ. ಹಳೇ ಪಿಸ್ಟನ್‌ಗಳನ್ನು ತೆಂಗಿನ ಚಿಪ್ಪಿನ ಇದ್ದಲಿನಲ್ಲಿ ಕರಗಿಸಿ ಹೊಯ್ದೆ. ಮೊದಲ ಸಲ ಅಚ್ಚು ಸರಿಯಾಗಿ ಒಣಗಿರಲಿಲ್ಲ. ಕರಗಿದ ಅಲ್ಯುಮಿನಿಯಂ ಚಿಮ್ಮಿ ಮೇಲೆ ಹೋಯಿತು. ಸ್ವಲ್ಪ ಇನ್ನೂ ಕೆಳಗೆ ಬಂದಿಲ್ಲ. ಎರಡನೇ ಎರಕ ಬೆಣ್ಣೆಯ ಹಾಗೆ ಬಂತು. ಅದನ್ನು ತೋಳಿನಲ್ಲಿ ಎತ್ತಿಕೊಂಡು ನರಸಿಂಹರಾಜಪುರದ ಬಸ್ಸು ಹತ್ತಿದೆ. ಅಲ್ಲಿ ಲೋಹ ಕಡೆಯುವ ಜಯದೇವಪ್ಪನವರ ಲೇತ್ ಇದೆ. ಅವರು ಕೈಯಿಟ್ಟರೆ ಕಬ್ಬಿಣವೂ ತಾನಾಗಿ ಪಕ್ಕಕ್ಕೆ ಸರಿಯುತ್ತದೆ.

"ಎಂಜಿನ್ನಿಗೆ ಕೂರೋ ಈ ತಳದ ಪಟ್ಟಿ ಇದ್ಯಲ್ಲ, ಇದು ಹನ್ನೆರಡು ಎಂಎಂ ದಪ್ಪ ಇರ್ಲಿ ಜಯದೇವಪ್ನೋರೆ. ಮೂರೂ ಕಾರ್ಬೊರೇಟರಿನ ಭಾರ ಇದ್ರ ಮೇಲೇ ಬೀಳೋದು. ಹನ್ನೆರಡು."

"ಆತು ಮಾರಾಯ, ಗೊತ್ತಾತು," ಅಂದರು ಅವರು, ಕನ್ನಡಕದ ಮೇಲಿನಿಂದ ನೋಡಿ ನಗುತ್ತಾ.

ಆ ನಗೆಯನ್ನು ನಾನು ಸರಿಯಾಗಿ ಓದಬೇಕಿತ್ತು.

ಶನಿವಾರ ಮಧ್ಯಾಹ್ನ ಹೋಗಿ ನೋಡಿದರೆ ಮ್ಯಾನಿಫೋಲ್ಡ್ ಬೆಳ್ಳಿ ತಟ್ಟೆಯಂತೆ ಹೊಳೆಯುತ್ತಿತ್ತು. ಪಟ್ಟಿಯ ದಪ್ಪ ಅಳೆಯಲು ವರ್ನಿಯರ್ ಹಿಡಿದೆ. ಆರು. ಒರೆಸಿ ಮತ್ತೆ ಹಿಡಿದೆ. ಆರೇ.

"ಜಯದೇವಪ್ನೋರೆ, ಹನ್ನೆರಡು ಅಂದಿದ್ದೆ!"

"ಅಂದಿದ್ಯಲ್ಲ. ಅದ್ಕೇ ಆರು ಬಿಟ್ಟಿದೀನಿ."

"ಎಂತ ಮಾತು ಇದು?"

"ಮತ್ತೆಂತ ಮಾಡ್ಲಿ ಮಾರಾಯ? ಆ ಗೇಟಿನ ಪಿನ್ನು ನಲವತ್ತು ಅಂದೆ. ನಂಬಿ ನಲವತ್ತೇ ಮಾಡ್ಕೊಟ್ಟೆ. ಬೇಕಾಗಿದ್ದು ಇಪ್ಪತ್ತು. ಟ್ರಾಲಿ ಬುಷ್ಷಿಗೂ ಅದೇ ಕತೆ. ಮೂರ್ನೇ ಸಲ ನಾನೇ ಮೊದ್ಲು ಅರ್ಧ ಕಳ್ದು ಮಾಡ್ದೆ. ಆಗ ನೀನೇ ಎಂತ ಅಂದಿ? 'ದೇವ್ರಂಥಾ ಅಳತೆ' ಅಂದಿ."

ಅಂದಿದ್ದೆ. ಹಾಗಂತ ಲೋಕದಲ್ಲಿ ಒಂದೇ ಒಂದು ಸಲ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ, ಅದನ್ನೂ ಕೊಯ್ದು ಹಾಕುವುದೇ?

ಹೊಸ ಎರಕಕ್ಕೆ ಸಮಯವಿರಲಿಲ್ಲ. ಅಚ್ಚು ಒಣಗಲು ಸೋಮವಾರವಾದರೂ ಆಗಬೇಕು. ಹಸಿಯಲ್ಲೇ ಹೊಯ್ದರೆ ಮತ್ತೆ ಆಕಾಶಕ್ಕೆ. ತೆಳು ಪಟ್ಟಿಯ ಮೇಲೆ ಬೋಲ್ಟಿಗೆ ಸಿಗುವ ಹಾಗೆ ಒಂದು ಕಬ್ಬಿಣದ ಪಟ್ಟಿ ಕೂರಿಸಿ, ಕಾರ್ಬೊರೇಟರುಗಳಿಗೆ ಕೆಳಗಿನಿಂದ ಆಸರೆ ಕೊಡುವುದೆಂದು ಇಬ್ಬರೂ ಸೇರಿ ತೀರ್ಮಾನಿಸಿದೆವು. ಅವರು ಕಬ್ಬಿಣ ಕತ್ತರಿಸುತ್ತಿದ್ದರೆ ನಾನು ಬಾಗಿಲಿಂದ ಲೇತಿಗೆ, ಲೇತಿಂದ ಬಾಗಿಲಿಗೆ ನಡೆದೆ. ಆ ಸಿಮೆಂಟಿನ ನೆಲ ಒಂದು ಗೇಣು ಸವೆದಿದೆ.

"ಕೂತ್ಕಳಾ ಮಾರಾಯ! ಲೇತೂ ತಿರುಗ್ತದೆ, ನೀನೂ ತಿರುಗ್ತಿ. ನಾನು ಯಾವ್ದನ್ನ ನೋಡ್ಲಿ?"

ಕೂತೆ. ಎದ್ದೆ. ಚಹಾ ತರಿಸಿದರು, ಕುಡಿಯಲಾಗಲಿಲ್ಲ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಮ್ಯಾನಿಫೋಲ್ಡನ್ನು ಸೀಟಿನ ಮೇಲೆ ಕೂರಿಸಿ ನಾನು ನಿಂತೇ ಬಂದೆ.

ಭಾನುವಾರ ಬೆಳಿಗ್ಗೆ ಶೆಟ್ಟಿಕೊಪ್ಪದ ಗದ್ದೆಯ ಧೂಳು ಸೂರ್ಯನಿಗೇ ಕೆಮ್ಮು ಬರಿಸುವ ಹಾಗಿತ್ತು. ಮಲ್ಲಿಕಾಳ ಗೆಳತಿ ರೇಖಾಳಿಂದ ಉಗುರಿಗೆ ಹಚ್ಚುವ ಕೆಂಪು ಬಣ್ಣ ಇಸಿದುಕೊಂಡು, ನಡುವಿನ ಕೊಳವೆಯ ಬುಡಕ್ಕೆ ತೆಳುವಾಗಿ ಬಳಿದೆ. ಲೋಹ ಬಿರಿದರೆ ಬಣ್ಣವೂ ಬಿರಿಯುತ್ತದೆ, ಕಣ್ಣಿಗೆ ಕಾಣುತ್ತದೆ. ಆಮೇಲೆ ಎಂಜಿನ್ ಶುರು ಮಾಡಿ ಆಕ್ಸಿಲರೇಟರ್ ಏರಿಸಿದೆ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತದೆಂದು ತೋರಿಸುವ ಮೀಟರಿನ ಮುಳ್ಳು ನಾಲ್ಕು ಸಾವಿರಕ್ಕೆ ಹೋಯಿತು, ಬಣ್ಣ ಗಟ್ಟಿಯಾಗಿತ್ತು. ಐದು ಸಾವಿರಕ್ಕೆ ಹೋಯಿತು, ಆಗಲೂ ಗಟ್ಟಿ. ಐದನ್ನು ಸ್ವಲ್ಪ ದಾಟಿದ್ದೇ ತಡ, ಕೆಂಪಿನ ನಡುವೆ ಕೂದಲಿನಂಥ ಒಂದು ಗೆರೆ ಓಡಿತು. ಇಳಿಸಿದೆ, ಗೆರೆ ನಿಂತಿತು. ಮತ್ತೆ ಏರಿಸಿ ನೋಡುವ ಧೈರ್ಯ ಬರಲಿಲ್ಲ. ಗೆರೆ ಕೊಳವೆಯ ಸುತ್ತ ಹೋದರೆ ಗಾಳಿ ಸೋರಿ ಎಂಜಿನ್ ಸಾಯುತ್ತದೆ. ಕಾರು ಗದ್ದೆಯ ನಡುವೆ ನಿಲ್ಲುತ್ತದೆ. ಸೀಟು ಬೇರೆಯವರಿಗೆ ಹೋಗುತ್ತದೆ.

ಮಲ್ಲಿಕಾ ಬೆಲ್ಟ್ ಬಿಗಿದು ಕೂತಿದ್ದಳು. ಹೆಲ್ಮೆಟ್ಟಿನೊಳಗೆ ಬರೀ ಕಣ್ಣು ಕಾಣುತ್ತಿತ್ತು. ಕಾಲು ಒಂದೇ ಸಮನೆ ಕುಣಿಯುತ್ತಿತ್ತು.

"ಮಾವ, ಬೇಗ ಹೇಳು. ಎಷ್ಟರ ತನಕ ಎಳೀಬೋದು?"

ಐದು ಅಂದರೆ ಇವಳು ಅರ್ಧ ಕಳೆಯುತ್ತಾಳೆ. ಎರಡೂವರೆ ಸಾವಿರದಲ್ಲಿ ಹೋದರೆ ಎತ್ತಿನ ಗಾಡಿ ಹಾರನ್ ಹೊಡೆದು ಮುಂದೆ ಹೋಗುತ್ತದೆ. ಅಥವಾ ಇದು ಮಾವನ ಹೆದರಿಕೆಯ ಮಾತು ಅಂದುಕೊಂಡು ಸೀತಕ್ಕನ ಹಾಗೆ ಲೆಕ್ಕ ತಿರುಗಿಸಿ ಹತ್ತು ಮಾಡಿಕೊಂಡರೆ ಮೊದಲ ತಿರುವಿನಲ್ಲೇ ಢಂ. ಹಾಗಾದರೆ ನಾನೇ ಹತ್ತು ಅಂದುಬಿಡಲೇ? ಕಳೆದರೆ ಸರಿಯಾಗಿ ಐದು ಉಳಿಯುತ್ತದೆ! ಆದರೆ ಅವಳು ಕಳೆಯದೇ ಹೋದರೆ? ಚಿಕ್ಕವಳಿದ್ದಾಗ ಕಾಡುಕೋಣದ ಕತೆಯನ್ನು ಏನೂ ಕಳೆಯದೆ ನಂಬಿದವಳು ಇವಳೊಬ್ಬಳೇ. ಕೋಣಕ್ಕೆ ಕೊಡಿ ಅಂತ ತಲೆನೋವಿನ ಮಾತ್ರೆ ತಂದಿದ್ದಳು. ಈಗಲೂ ನಂಬುತ್ತಾಳೋ ಇಲ್ಲವೋ, ನಾನು ಕೇಳಿರಲಿಲ್ಲ.

ಬಾವುಟದವನು ಕೈ ಮಾಡಿದ.

"ಐದು ಸಾವಿರ," ಅಂದೆ. "ದಾಟಬೇಡ."

ಅವಳು ಇನ್ನೂ ಕಾಯುತ್ತಿದ್ದಳು.

"ಅಷ್ಟೇನಾ?"

"ಅಷ್ಟೇ."

"ದಾಟಿದ್ರೆ ಪಿಸ್ಟನ್ ಹಾರಿ ಮೇಗುಂದಕ್ಕೆ ಬೀಳ್ತದೆ, ಕರೆಂಟ್ ಹೋಗ್ತದೆ, ಎಂತದೂ ಇಲ್ವಾ?"

"ಇಲ್ಲ. ಒಡೀತದೆ. ಅಷ್ಟೇ."

ಅವಳು ಹೆಲ್ಮೆಟ್ಟಿನ ಗಾಜು ಎತ್ತಿ ನನ್ನ ಮುಖ ನೋಡಿದಳು. "ಮಾವ, ಹುಷಾರಿದೀಯಲ್ಲ?" ಆಮೇಲೆ ಮೆಲ್ಲಗೆ, "ಕಳೀಬೇಕಾ, ಬೇಡ್ವಾ?"

"ಕಳೀಬೇಡ."

ಗಾಜು ಕೆಳಗೆ ಬಿತ್ತು. ಕಾರು ಹೋಯಿತು.

ಗಡಿಯಾರದ ಜೊತೆ ಓಟ ಅದು, ಒಬ್ಬೊಬ್ಬರೇ ಓಡಿಸಬೇಕು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬದು ಹತ್ತಿದೆ, ಇಳಿದೆ, ಯಾರದೋ ಟ್ರ್ಯಾಕ್ಟರಿನ ಮೇಲೆ ನಿಂತೆ, ಅಲ್ಲಿಂದಲೂ ಇಳಿದೆ. ನನ್ನ ಕಿವಿಗೆ ಮೀಟರ್ ಬೇಡ. ಶೃಂಗೇರಿಯಲ್ಲಿ ಯಾರಾದರೂ ಗೇರ್ ತಪ್ಪಿ ಹಾಕಿದರೆ ಕೊಪ್ಪದಲ್ಲಿ ನನಗೆ ಹಲ್ಲು ಜುಂ ಅನ್ನುತ್ತದೆ. ಎಂಜಿನ್ ಐದರಲ್ಲಿ ಹಾಡುತ್ತಿತ್ತು. ಐದು. ಐದು. ನೇರ ದಾರಿಯಲ್ಲಿ ಉಳಿದವರೆಲ್ಲ ಕಿರುಚಿಸಿಕೊಂಡು ಹೋದ ಕಡೆಯೂ ಇವಳದು ಐದೇ.

"ಎಂತ ಗುರುವಣ್ಣ," ಹಿಂದಿನಿಂದ ಯಾರೋ ಕೂಗಿದರು, "ವಿಮಾನ ಅಂದಿದ್ದಿ, ಇದು ಹಾಲಿನ ಗಾಡಿ ತರ ಹೋಗ್ತಿದೆ!"

ತಿರುಗಿ ನಾಲ್ಕು ಮಾತು ಕೊಡಬಹುದಿತ್ತು. ಕೊಡಲಿಲ್ಲ. ಯಾಕೆಂದರೆ ಅಷ್ಟರಲ್ಲಿ ತಿರುವು ಬಂತು, ಮತ್ತು ತಿರುವಿನಲ್ಲೂ ಸದ್ದು ಐದರಿಂದ ಇಳಿಯಲಿಲ್ಲ. ಬೇರೆಯವರೆಲ್ಲ ಕಾಲು ತೆಗೆದು, ತಡವರಿಸಿ, ಮತ್ತೆ ಎಳೆದ ಜಾಗ ಅದು. ಇವಳು ನುಗ್ಗಿದ ಸದ್ದಿನಲ್ಲೇ ಹೊರಗೆ ಬಂದಳು. ಕಾರಿನ ಹಿಂಭಾಗ ಹೊರಕ್ಕೆ ಜಾರುತ್ತಿತ್ತು, ಮೂತಿ ಒಳಕ್ಕೆ ನೋಡುತ್ತಿತ್ತು, ನನ್ನ ಕಿವಿಯೊಳಗಿನ ಮುಳ್ಳು ಅಲ್ಲಾಡಲಿಲ್ಲ. ಹಿಂದಿನವನು ನನ್ನ ಪಕ್ಕಕ್ಕೆ ಬಂದು ಕತ್ತು ಚಾಚಿ ನೋಡಿದ.

ಎರಡು. ಮೂರು. ನಾಲ್ಕನೇ ಸುತ್ತಿನ ಕಡೇ ತಿರುವು. ಅಲ್ಲಿಂದ ಓಟ ಮುಗಿಯುವ ಗೆರೆಗೆ ನೇರ ದಾರಿ.

ಸದ್ದು ಏರಿತು. ಐದೂವರೆ.

"ಬ್ಯಾಡಾ!" ಅಂತ ಕೂಗಿದೆ. ಬಾಳೆಹೊನ್ನೂರಿನಲ್ಲಿ ಕಿಟಕಿ ಗಾಜು ಒಡೆಯುವ ಹಾಗೆ ಕೂಗಿದೆ. ಆರು. ಆಮೇಲೆ ಫಟ್ ಅಂತ ಒಂದು ಸದ್ದು, ಅದರ ಹಿಂದೆ ಏನೂ ಇಲ್ಲ.

ಧೂಳಿನೊಳಗಿಂದ ಕಾರು ಸದ್ದಿಲ್ಲದೆ ಬರುತ್ತಿತ್ತು. ಚಕ್ರದ ಕೆಳಗೆ ಭತ್ತದ ಕೂಳೆ ಮುರಿಯುವುದು ಮಾತ್ರ ಕೇಳಿಸುತ್ತಿತ್ತು. ನಿಧಾನ ಆಯಿತು, ಇನ್ನೂ ನಿಧಾನ ಆಯಿತು. ನಾನು ಬದುವಿನ ಮೇಲೆ ನಿಂತು ಎರಡೂ ಕೈಯಲ್ಲಿ ಗಾಳಿಯನ್ನು ತಳ್ಳುತ್ತಿದ್ದೆ. ನನ್ನ ತಳ್ಳುವಿಕೆಯಿಂದಲೇ ಅದು ಗೆರೆ ದಾಟಿದ್ದು, ಇದರಲ್ಲಿ ಯಾರೂ ಏನೂ ಕಳೆಯಬಾರದು. ಹಿಂದಿನ ಚಕ್ರ ಗೆರೆಯಿಂದ ಒಂದು ಮೊಳ ಆಚೆ ನಿಂತಿತು.

ಓಡಿಹೋಗಿ ಕೇಳಿದೆ, "ಐದು ಅಂದಿದ್ನಲ್ಲೇ!"

"ಕಡೇ ತಿರುವಿನ ತನಕ ಏನೂ ಕಳೀಲಿಲ್ಲ ಮಾವ, ನಿನ್ನಾಣೆ." ಹೆಲ್ಮೆಟ್ ತೆಗೆದಾಗ ಕೂದಲಿಂದ ಬೆವರು ಸುರಿಯುತ್ತಿತ್ತು. "ಅಲ್ಲಿ ಗೆರೆ ಕಾಣ್ತಾ ಇತ್ತು. ನಿನ್ನ ಹೆದರಿಕೇಲಿ ಚೀಲದ ತೂಕ ಮಾತ್ರ ಕಳ್ದೆ."

ಶಶಿಕಿರಣ್ ನಮ್ಮ ಹಿಂದೆಯೇ ನಿಂತಿದ್ದರು. ಬಾಗಿ ಒಡೆದ ಪಟ್ಟಿ ನೋಡಿದರು.

"ಇದು ಎಷ್ಟು ದಪ್ಪ?"

"ಆರು ಎಂಎಂ."

"ಐದು ಸಾವಿರ ದಾಟಿದ್ರೆ ಒಡೆಯುತ್ತೆ ಅಂತ ಅವಳಿಗೆ ಮೊದಲೇ ಹೇಳಿದ್ರಾ?"

"ಹೇಳಿದ್ದೆ ಸಾರ್."

ಅವರು ತಲೆಯಾಡಿಸಿದರು. ಆರು ಅಂದರೆ ಆರು, ಐದು ಅಂದರೆ ಐದು ಅಂತಲೇ ತೆಗೆದುಕೊಂಡರು. ನನಗೆ ಮೈಯೆಲ್ಲ ಕಚಗುಳಿಯಾಯಿತು. ಮಾತು ಕಳೆಯದ ಮನುಷ್ಯನನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಕಾಡುಕೋಣ ನಾಲಿಗೆಯ ತುದಿಗೆ ಬಂದು ಕಾಲು ಕೆರೆಯುತ್ತಿತ್ತು. ನುಂಗಿಕೊಂಡೆ.

"ಮೂರು ಸುತ್ತು ಮುಳ್ಳನ್ನ ಅಲ್ಲೇ ಕೂರಿಸಿಟ್ಟು ಆ ತಿರುವುಗಳನ್ನ ತಗೊಂಡಿದಾಳೆ," ಅಂದರು ಅವರು. ಮಲ್ಲಿಕಾ ಕಡೆ ತಿರುಗಿದರು. "ನಿಲ್ಲದೆ ಮುಗಿಸಿದ್ದೀಯ, ಸೀಟು ನಿಂದು. ಆದ್ರೆ ನಮ್ಮ ತಂಡದಲ್ಲಿ ಹೇಳಿದ್ದು ಅಂದ್ರೆ ಹೇಳಿದ್ದೇ. ಚೀಲಗೀಲ ನಡೆಯಲ್ಲ. ಮುಂದಿನ ತಿಂಗಳು ಶಿವಮೊಗ್ಗದಲ್ಲಿ ಅಭ್ಯಾಸ. ಈ ಕಾರನ್ನೇ ತಗೊಂಡು ಬಾ. ಇದನ್ನ ಮಾತ್ರ ದಪ್ಪ ಮಾಡಿಸ್ಕೊಂಡು."

ಮಲ್ಲಿಕಾ ಅಳುತ್ತಾ ನಗುತ್ತಾ ನನ್ನ ಬೆನ್ನಿಗೆ ಗುದ್ದಿದಳು. ಮೂರು ಪಕ್ಕೆಲುಬು ಮುರಿದವು.

ಕೊಪ್ಪದಲ್ಲಿ ಈಗ ನನ್ನ ಮಾತಿಗೆ ಬೇರೆ ತೂಕ. ಎಂಜಿನ್ ಹತ್ತು ಸಾವಿರ ಸುತ್ತಿತ್ತು ಅಂದೆ, ಅವರು ಕಳೆದು ಐದು ಮಾಡಿಕೊಂಡರು. ಸತ್ಯ ಊರಿಗೆ ಮುಟ್ಟಿಸುವುದು ಎಷ್ಟು ಸುಲಭ ಅಂತ ಗೊತ್ತಾದದ್ದು ಆಗಲೇ.

ಆ ಹುಮ್ಮಸ್ಸಿನಲ್ಲಿ ಹೊಸ ಎರಕ ಹೊಯ್ದೆ. ಈ ಸಲ ತಳ ಧಾರಾಳ ದಪ್ಪ. ಜಯದೇವಪ್ಪನವರ ಲೇತಿಗೆ ಕಳಿಸಿ ಫೋನು ಮಾಡಿದೆ.

"ಪಟ್ಟಿ ಇಪ್ಪತ್ನಾಲ್ಕು ಎಂಎಂ ಇರ್ಲಿ ಜಯದೇವಪ್ನೋರೆ."

ಹೋದ ಸಲದ ವಿಷಯ ಅವರ ಮನಸ್ಸಿಗೆ ಬಹಳ ಹತ್ತಿತ್ತಂತೆ. ಇನ್ನು ಗುರುವನ ಅಳತೆಯಲ್ಲಿ ಏನೂ ಕಳೆಯುವುದಿಲ್ಲ, ಹೇಳಿದಷ್ಟೇ ಇಡುತ್ತೇನೆ ಅಂತ ಮನೆಯಲ್ಲಿ ಹೇಳಿಕೊಂಡಿದ್ದರಂತೆ. ಇದು ನನಗೆ ತಿಳಿದದ್ದು ಫೋನು ಇಟ್ಟ ಮೇಲೆ, ಬೇರೆಯವರಿಂದ.

"ಆತು ಮಾರಾಯ," ಅಂದಿದ್ದರು ಅವರು. "ಗೊತ್ತಾತು."

ಯಾವುದು ಗೊತ್ತಾಯಿತು, ಹನ್ನೆರಡೋ ಇಪ್ಪತ್ನಾಲ್ಕೋ? ಮತ್ತೆ ಮಾಡಿದರೆ ಫೋನು ಎತ್ತುತ್ತಿಲ್ಲ, ಲೇತಿನ ಮುಂದಿದ್ದರೆ ಅವರು ಎತ್ತುವುದೂ ಇಲ್ಲ. ಎದ್ದು ಅಂಗಿ ಹಾಕಿಕೊಂಡೆ. ನರಸಿಂಹರಾಜಪುರದ ಬಸ್ಸು ಹತ್ತು ನಿಮಿಷದಲ್ಲಿ ಬರುತ್ತದೆ ಅಂತ ಸೀತಕ್ಕನಿಗೆ ಕೂಗಿ ಹೇಳಿದೆ. ಅವಳು ನಿಧಾನವಾಗಿ ಒಲೆಗೆ ಚಹಾ ಇಟ್ಟಳು.