ಬಿಗಿಯಾಗದ ಅಂಗಿ

ಟೈಲರಮ್ಮನ ಅಂಗಡಿ ಅಂದರೆ ಮನೆಯದೇ ಮುಂದಿನ ಕೋಣೆ. ಬೀದಿಗೆ ತೆರೆದ ಬಾಗಿಲು, ಬಾಗಿಲ ಬೆಳಕಿಗೆ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸಲು ಉದ್ದನೆಯ ಮೇಜು. ಈಗ ಮೂರು ವಾರದಿಂದ ಯಂತ್ರದ ಮಗ್ಗುಲಲ್ಲಿ ಒಂದು ತೊಟ್ಟಿಲೂ ಸೇರಿಕೊಂಡಿತ್ತು. ಅದರಲ್ಲಿ ಮಲಗಿರುವವಳು ಟೈಲರಮ್ಮನ ಮೊಮ್ಮಗಳು. ಬಟ್ಟೆ ಸುತ್ತಿ ಮಲಗಿಸಿದರೆ ಥೇಟ್ ದಾರ ಸುತ್ತಿದ ಬಾಬಿನ್ ಅಂತ ಅಜ್ಜಿ ಒಂದು ದಿನ ತಮಾಷೆ ಮಾಡಿದ್ದೇ ತಡ, ಬೀದಿಗೆಲ್ಲ ಅವಳು ಬಾಬಿನ್ ಆಗಿಬಿಟ್ಟಳು.

ಶಾಲೆಗಳು ಶುರುವಾಗುವ ಕಾಲ. ಮೇಜಿನ ಮೇಲೆ ಸಮವಸ್ತ್ರದ ಬಟ್ಟೆ ರಾಶಿ ಬಿದ್ದಿತ್ತು. ಎಳೆ ಮಗು ಇರುವ ಮನೆಯಲ್ಲಿ ಈ ಕೆಲಸ ಮುಗಿಯುವ ಹಾಗೇ ಇಲ್ಲ ಅಂತ ಎಲ್ಲರೂ ಹೆದರಿಸಿದ್ದರು. ಆದರೆ ಬಾಬಿನ್ ಅಜ್ಜಿಯ ಮರ್ಯಾದೆ ಉಳಿಸಿದಳು. ಯಂತ್ರ ಟಕಟಕ ಅನ್ನಲು ತೊಡಗಿದರೆ ಸಾಕು, ಅವಳ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಅಳು ಇಲ್ಲ, ರಂಪ ಇಲ್ಲ. ಎದುರು ಬೇಕರಿಯವಳು ಬಂದಾಗಲೆಲ್ಲ ಕೆನ್ನೆಗೆ ಕೈಯಿಟ್ಟುಕೊಂಡು ನಿಲ್ಲುತ್ತಿದ್ದಳು.

"ಎಲ್ಲಿಂದ ತಂದ್ರಿ ಇಂಥಾ ಮಗೂನ? ನಮ್ಮನೇದು ಹೊತ್ತು ಮುಳುಗಿದ್ರೆ ಸಾಕು, ಮನೆ ಹಾರಿಹೋಗೋ ಹಾಗೆ ಕಿರಚುತ್ತೆ."

"ಕೆಲಸದವರ ಮನೆ ಮಗು ಕಣೇ ಇದು. ಹೊಂದ್ಕೊಂಡು ಹೋಗುತ್ತೆ," ಅಂತ ಟೈಲರಮ್ಮ ಬೀಗುತ್ತಿದ್ದಳು.

ಸೊಸೆಗೆ ಮಾತ್ರ ಸಮಾಧಾನ ಇರಲಿಲ್ಲ. ಗುಂಡಿ ತೂರಿಸುವ ಕಾಜಾ ಹೊಲಿಯುತ್ತ ಕೂತವಳು ನಡುನಡುವೆ ತೊಟ್ಟಿಲ ಕಡೆಗೇ ನೋಡುತ್ತಿದ್ದಳು.

"ಅತ್ತೆ, ಎದೆಗೆ ಹಾಕ್ಕೊಂಡ್ರೆ ಒಂದು ಸ್ವಲ್ಪ ಚೀಪ್ತಾಳೆ, ಹಾಗೇ ನಿದ್ದೆ ಹೋಗ್ತಾಳೆ. ನನಗೆ ಎದೆ ಕಲ್ಲಾಗಿ ನೋಯ್ತಾ ಇದೆ."

"ಹೊಟ್ಟೆ ತುಂಬಿದ್ರೆ ತಾನೇ ನಿದ್ದೆ ಬರೋದು? ಹಸಿದ ಮಗು ಸುಮ್ನಿರುತ್ತಾ? ಎಬ್ಬಿಸಬೇಡ, ಮಲಗಿರ್ಲಿ. ಆ ಕಾಲರ್ ಇತ್ತ ಕೊಡು."

ಅಲ್ಲಿಗೆ ಮಾತು ಮುಗಿಯುತ್ತಿತ್ತು. ಟೈಲರಮ್ಮ ಕೆಟ್ಟ ಅತ್ತೆ ಏನಲ್ಲ, ಸೊಸೆಗೆ ಬಿಸಿಬಿಸಿ ಊಟ ತಾನೇ ಬಡಿಸುತ್ತಿದ್ದಳು. ಆದರೆ ತನಗೆ ಗೊತ್ತು ಅಂದುಕೊಂಡವರಿಗೆ ಇನ್ನೊಬ್ಬರ ಮಾತು ಕಿವಿಗೆ ಬೀಳುವುದು ಸ್ವಲ್ಪ ಕಷ್ಟ.

ಮಹಡಿ ಮನೆಯಲ್ಲಿ ಒಬ್ಬ ದಾದಿ ಇದ್ದಳು. ಆರೋಗ್ಯ ಕೇಂದ್ರದಲ್ಲಿ ಕೆಲಸ. ಎರಡು ವಾರ ಅಕ್ಕನ ಮನೆಯಲ್ಲಿದ್ದವಳು ಒಂದು ದಿನ ಬೆಳಗ್ಗೆ ವಾಪಸು ಬಂದಳು. ಅವತ್ತು ಮಧ್ಯಾಹ್ನ ಅಂಗಡಿಗೆ ಇಳಿದು, ಜೇಬು ಹರಿದ ಬಿಳಿ ಕೋಟನ್ನು ಮೇಜಿನ ಮೇಲೆ ಹಾಕಿ ನೇರ ತೊಟ್ಟಿಲ ಹತ್ತಿರ ಹೋದಳು.

"ಏನ್ ಬಾಬಿನ್ನಮ್ಮಾ, ನನ್ನ ನೋಡಲ್ವಾ?" ಅಂತ ಸುತ್ತಿದ್ದ ಬಟ್ಟೆ ಬಿಡಿಸಿದಳು. ಮಗು ಕಣ್ಣು ಬಿಡಲಿಲ್ಲ. ದಾದಿ ಅಂಗಿಯ ತೋಳಿನೊಳಗೆ ಬೆರಳು ಹಾಕಿ ನೋಡಿದಳು.

"ಟೈಲರಮ್ಮಾ, ಈ ಅಂಗಿ ಯಾವಾಗ ಹೊಲಿದಿದ್ದು?"

ಟೈಲರಮ್ಮನ ಮುಖ ಅರಳಿತು. "ಅವಳು ಹುಟ್ಟೋಕೆ ಮುಂಚೆ! ಹೇಗೆ ಕೂತಿದೆ ನೋಡು. ಮೊದಲ್ನೇ ದಿನ ಹೇಗಿತ್ತೋ ಇವತ್ತಿಗೂ ಹಾಗೇ. ಎಲ್ಲೂ ಬಿಗಿ ಇಲ್ಲ. ನನ್ನ ಕಣ್ಣಳತೆ ಯಾವತ್ತಾದ್ರೂ ತಪ್ಪಿದ್ದುಂಟಾ?"

ದಾದಿ ನಗಲಿಲ್ಲ. "ಅಳತೆ ತಪ್ಪಿಲ್ಲ. ಆದ್ರೆ ಮೂರು ವಾರದಲ್ಲಿ ಮಗು ಅಂಗಿಯೊಳಗೆ ಬೆಳೀಬೇಕಿತ್ತಲ್ವಾ?"

ಟೈಲರಮ್ಮ ತಾನೂ ಅಂಗಿಯ ತೋಳಿನೊಳಗೆ ಬೆರಳು ಹಾಕಿ ನೋಡಿದಳು.

ದಾದಿ ಮೇಲೆ ಹೋಗಿ ಮಗು ತೂಗುವ ತಕ್ಕಡಿ ತಂದಳು. ಹುಟ್ಟಿದಾಗ ಮಗು ಎಷ್ಟು ತೂಗುತ್ತಿತ್ತು ಅಂತ ಯಾರನ್ನೂ ಕೇಳಬೇಕಾಗಿರಲಿಲ್ಲ, ಅಜ್ಜಿ ಅದನ್ನು ಬೀದಿಗೆಲ್ಲ ಸಾರಿದ್ದಳು. ಈಗ ಮುಳ್ಳು ಅದಕ್ಕಿಂತ ಹಿಂದೆಯೇ ನಿಂತಿತು.

"ನಿನ್ನ ತಕ್ಕಡೀನೇ ಕೆಟ್ಟಿರ್ಬೇಕು. ಇನ್ನೊಂದ್ಸಲ ತೂಗು," ಅಂದಳು ಟೈಲರಮ್ಮ. ದಾದಿ ಮತ್ತೆ ತೂಗಿದಳು. ಮುಳ್ಳು ಅಲ್ಲೇ ನಿಂತಿತು.

"ಇವತ್ತು ಎಷ್ಟು ಲಂಗೋಟಿ ಒದ್ದೆ ಮಾಡಿದ್ದಾಳೆ?" ದಾದಿ ಸೊಸೆಯನ್ನು ಕೇಳಿದಳು.

"ಬೆಳಗಿಂದ ಒಂದೇ ಅಕ್ಕಾ. ಅದರಲ್ಲೂ ಕಡು ಹಳದಿ ಕಲೆ."

ಟೈಲರಮ್ಮನ ಕಣ್ಣು ಕಪಾಟಿನ ಕಡೆಗೆ ಹೋಯಿತು. ಹಳೆಯ ಮೆತ್ತನೆ ಬಟ್ಟೆ ಕತ್ತರಿಸಿ, ಅಂಚು ಮಡಿಚಿ ಅವಳೇ ಹೊಲಿದಿಟ್ಟ ಲಂಗೋಟಿಗಳ ಎರಡನೇ ಕಟ್ಟು ಅಲ್ಲಿತ್ತು. ಇನ್ನೂ ಬಿಚ್ಚಿಯೇ ಇರಲಿಲ್ಲ. ಒಗೆಯುವುದು ಕಮ್ಮಿ ಅಂತ ಅವಳು ಖುಷಿಪಟ್ಟಿದ್ದಳು.

"ಹೊಟ್ಟೆಗೆ ಹೋದ್ರೆ ತಾನೇ ಕೆಳಗೆ ಬರೋದು," ಅಂದಳು ದಾದಿ. "ಮೊದಲ ವಾರ ಕಳೆದ ಮೇಲೆ ಹಗಲು ರಾತ್ರಿ ಸೇರಿ ಆರು ಲಂಗೋಟಿಯಾದ್ರೂ ಚೆನ್ನಾಗಿ ನೆನೀಬೇಕು. ಮೂತ್ರ ನೀರಿನ ಹಾಗೆ ತಿಳಿಯಾಗಿರ್ಬೇಕು. ಹುಟ್ಟಿದ ಮೇಲೆ ತೂಕ ಒಂಚೂರು ಇಳಿಯೋದು ಸಹಜ. ಆದ್ರೆ ಎರಡು ವಾರದೊಳಗೆ ಮತ್ತೆ ಮೊದಲಿನ ತೂಕಕ್ಕೆ ಬಂದುಬಿಡ್ಬೇಕು."

"ಅಳ್ಲೇ ಇಲ್ವಲ್ಲೇ ಇದು! ಹಸಿವಾದ್ರೆ ಅಳೋದಕ್ಕೇನು?"

"ಅಳೋಕೂ ಶಕ್ತಿ ಬೇಕಲ್ವಾ ಟೈಲರಮ್ಮಾ? ಸರಿಯಾಗಿ ಹಾಲು ಸಿಗದ ಮಗು ಸೋತು ಮಲಗುತ್ತೆ. ನಾವು ಅದನ್ನೇ ಒಳ್ಳೇ ಮಗು ಅಂತೀವಿ."

ಟೈಲರಮ್ಮ ಸುಮ್ಮನಿರುವ ಜೀವ ಅಲ್ಲ. "ಹಾಗಾದ್ರೆ ಇವಳಿಗೆ ಹಾಲಿಲ್ಲ ಅಂತಾಯ್ತು. ಡಬ್ಬಿ ಹಾಲು ತರ್ಲಾ? ಅಷ್ಟರೊಳಗೆ ಒಂದೆರಡು ಚಮಚ ಸಕ್ಕರೆ ನೀರು..."

"ನೀರು ಬೇಡವೇ ಬೇಡ. ಆರು ತಿಂಗಳವರೆಗೆ ನೀರಿಲ್ಲ, ವರ್ಷ ತುಂಬೋವರೆಗೆ ಜೇನೂ ಇಲ್ಲ. ಡಬ್ಬಿ ಹಾಲು ಬೇಕಾ ಬೇಡ್ವಾ ಅಂತ ಡಾಕ್ಟರು ಹೇಳ್ಲಿ. ಇವಳಿಗೆ ಎದೆ ಕಲ್ಲಾಗಿದೆ ಅಂದ್ರೆ ಹಾಲಿದೆ. ಮಗುಗೆ ಹೋಗ್ತಿಲ್ಲ, ಅಷ್ಟೇ."

ಟೈಲರಮ್ಮ ಯಂತ್ರದ ಕಡೆ ನೋಡಿದಳು. "ಉಂಡೆ ತುಂಬ ದಾರ ಇದೆ, ಸೂಜಿಗೆ ಪೋಣಿಸಿಲ್ಲ," ಅಂತ ತನಗೆ ತಾನೇ ಗೊಣಗಿಕೊಂಡಳು.

"ಹಾಗೇ ಅನ್ಕೊಳ್ಳಿ," ಅಂದಳು ದಾದಿ. "ಕೋಟಿನ ಜೇಬು ಆಮೇಲಾಗ್ಲಿ. ಮೊದ್ಲು ಆಸ್ಪತ್ರೆಗೆ ಹೊರಡಿ, ನಾನೂ ಬರ್ತೀನಿ. ಇಷ್ಟು ಎಳೆ ಮಗು ಹೀಗೆ ಮಂಕಾಗಿದ್ರೆ ನಾಳೆ ನೋಡೋಣ ಅನ್ನೋ ಹಾಗಿಲ್ಲ."

ಅರ್ಧ ಹೊಲಿದ ಚಡ್ಡಿ ಸೂಜಿಯ ಕೆಳಗೇ ಉಳಿಯಿತು. ದಾರಿಯುದ್ದಕ್ಕೂ ಟೈಲರಮ್ಮ ಮೊಮ್ಮಗಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದಳು.

ಡಾಕ್ಟರು ಮಗುವನ್ನು ಪರೀಕ್ಷೆ ಮಾಡಿ, ಬೇರೆ ಕಾಯಿಲೆ ಏನೂ ಇಲ್ಲ ಅಂದರು. ಮಗು ಮೊಲೆತೊಟ್ಟಿನ ತುದಿಯನ್ನು ಮಾತ್ರ ಚೀಪುತ್ತಿತ್ತು. ಹಾಗೆ ಚೀಪಿದರೆ ಹಾಲು ಬರುವುದಿಲ್ಲ, ತಾಯಿಗೂ ನೋವು. ಬಾಯಿ ದೊಡ್ಡದಾಗಿ ತೆರೆಸಿ, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗುವ ಹಾಗೆ, ಗಲ್ಲ ಎದೆಗೆ ತಾಗುವ ಹಾಗೆ ಹಿಡಿಯುವುದನ್ನು ದಾದಿ ಸೊಸೆಗೆ ತೋರಿಸಿಕೊಟ್ಟಳು. ಸದ್ಯಕ್ಕೆ ಡಬ್ಬಿ ಹಾಲು ಬೇಡ, ಮಗುವಿಗೆ ಬಲ ಬರುವವರೆಗೆ, ಕುಡಿಸಿದ ಮೇಲೆ ಉಳಿದ ಹಾಲನ್ನು ಹಿಂಡಿ ಚಮಚದಲ್ಲಿ ಕೊಡಿ ಅಂದರು ಡಾಕ್ಟರು. ಎರಡು ಮೂರು ಗಂಟೆಗೊಮ್ಮೆ, ನಿದ್ದೆಯಲ್ಲಿದ್ದರೂ ಎಬ್ಬಿಸಿ ಕುಡಿಸಬೇಕು ಅಂತಲೂ ಹೇಳಿ ಕಳಿಸಿದರು. ಎರಡು ದಿನ ಬಿಟ್ಟು ಮತ್ತೆ ತೂಕಕ್ಕೆ ಬರಬೇಕಿತ್ತು.

ಮನೆಗೆ ಬಂದ ಮೇಲೆ ಮಗುವನ್ನು ಎಬ್ಬಿಸುವ ಕೆಲಸ ಅಜ್ಜಿಯದೇ ಆಯಿತು. ಸುತ್ತಿದ ಬಟ್ಟೆ ಬಿಚ್ಚುವಳು, ಅಂಗಾಲು ತಿಕ್ಕುವಳು, ಸೊಸೆಯ ಎದೆಗೆ ಮೈ ತಾಗಿಸಿ ಮಲಗಿಸುವಳು, ಆಮೇಲೆ ಯಂತ್ರಕ್ಕೆ ಕೂರುವಳು. ಹಾಗೆ ಕುಡಿಸುವಾಗ ಒಂದು ಸಲ ಸೊಸೆ ಕೈ ಎತ್ತಿದಳು.

"ಅತ್ತೆ, ಯಂತ್ರ ಒಂದ್ನಿಮಿಷ ನಿಲ್ಲಿಸ್ತೀರಾ?"

ಟೈಲರಮ್ಮ ಚಕ್ರ ಹಿಡಿದು ನಿಲ್ಲಿಸಿದಳು. ಕೋಣೆ ಸದ್ದಿಲ್ಲದಾಯಿತು. ಆಗ ಕೇಳಿಸಿತು: ಗುಟುಕ್... ಗುಟುಕ್. ಮಗು ಹಾಲು ನುಂಗುತ್ತಿತ್ತು. ಇಷ್ಟು ದಿನ ಆ ಸದ್ದು ಇಲ್ಲದಿದ್ದುದು ಯಂತ್ರದ ಗಲಾಟೆಯಲ್ಲಿ ಗೊತ್ತೇ ಆಗಿರಲಿಲ್ಲ. ಟೈಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನೀನು ಅವತ್ತೇ ಹೇಳ್ದೆ. ನಾನು ಕೇಳಿಸಿಕೊಳ್ಳಲಿಲ್ಲ ಕಣೇ."

"ಈಗ ಕೇಳಿಸಿಕೊಂಡ್ರಲ್ಲ ಅತ್ತೆ," ಅಂದಳು ಸೊಸೆ. ತೊಟ್ಟಿಲನ್ನು ಅವತ್ತೇ ಒಳಕೋಣೆಗೆ, ಸೊಸೆಯ ಹಾಸಿಗೆ ಪಕ್ಕಕ್ಕೆ ಸಾಗಿಸಿದರು.

ಲಂಗೋಟಿಯ ಕಟ್ಟು ಬಿಚ್ಚಿತು. ಹಗ್ಗದ ತುಂಬ ಒದ್ದೆ ಬಟ್ಟೆ ತೂಗಾಡತೊಡಗಿತು. ತೂಕ ನೋಡಿದಾಗಲೆಲ್ಲ ಮುಳ್ಳು ಮುಂದೆ ಸರಿಯಿತು. ಬಾಬಿನ್ ಅಳುವುದನ್ನೂ ಕಲಿತಳು, ಅದೂ ಬೇಕರಿಯವರೆಗೆ ಕೇಳುವ ಹಾಗೆ. ಸಂಜೆ ಹೊತ್ತು ಮತ್ತೆ ಮತ್ತೆ ಎದೆಗೆ ಹಾತೊರೆದರೆ ಟೈಲರಮ್ಮ ಈಗ ಹಾಲು ಸಾಲದು ಅಂತ ಹೆದರುವುದಿಲ್ಲ. ಲಂಗೋಟಿ ಒದ್ದೆಯಾಗುತ್ತಿದೆ, ತೂಕ ಏರುತ್ತಿದೆ ಅಂದ ಮೇಲೆ ಹೆದರಿಕೆ ಯಾಕೆ? ಬೇಕರಿಯವಳಿಗೂ ಇದನ್ನೇ ಹೇಳಿ ಧೈರ್ಯ ತುಂಬಿದಳು.

ಒಂದು ಬೆಳಗ್ಗೆ ಸ್ನಾನ ಮಾಡಿಸಿ ಆ ಅಂಗಿ ತೊಡಿಸಲು ಹೋದರೆ ತೋಳು ಏರಲಿಲ್ಲ. ಎಳೆದರೂ ಏರಲಿಲ್ಲ. ಟೈಲರಮ್ಮ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದಳು, ಆಮೇಲೆ ಬಾಗಿಲಿಗೆ ಬಂದು ಮಹಡಿ ಕಡೆಗೆ ಕೂಗು ಹಾಕಿದಳು.

"ಏ ದಾದಿ, ಬೇಗ ಬಾರೇ! ನಾನು ಹೊಲಿದ ಅಂಗಿ ಬಿಗಿಯಾಗಿದೆ!"

ಜೀವಮಾನದಲ್ಲಿ ಮೊದಲ ಸಲ ತನ್ನ ಹೊಲಿಗೆ ಬಿಗಿಯಾಯಿತು ಅಂತ ಅವಳು ಬೀದಿಗೆ ಕೇಳುವ ಹಾಗೆ ನಗುತ್ತಿದ್ದಳು.

ಇದನ್ನು ಓದುತ್ತಿರುವ, ಕೇಳುತ್ತಿರುವ ತಾಯಂದಿರೇ, ಅಜ್ಜಿಯರೇ, ಅಪ್ಪಂದಿರೇ, ಮಗು ಸುಮ್ಮನಿದೆ ಅಂತ ನೀವು ಸುಮ್ಮನಿರಬೇಡಿ. ಹಾಲು ನುಂಗುವ ಸದ್ದು ಕೇಳುತ್ತಿದೆಯೇ, ಕುಡಿದ ಮೇಲೆ ಎದೆ ಹಗುರಾಗುತ್ತಿದೆಯೇ, ಲಂಗೋಟಿ ಮತ್ತೆ ಮತ್ತೆ ನೆನೆಯುತ್ತಿದೆಯೇ ಅಂತ ಗಮನಿಸಿ. ತಪ್ಪದೆ ತೂಕ ಹಾಕಿಸಿ. ಮೂತ್ರ ಕಡಿಮೆಯಾಗಿ ಕಡು ಹಳದಿಯಾದರೆ, ಬಾಯಿ ಒಣಗಿದರೆ, ನೆತ್ತಿ ಒಳಗೆ ಕುಸಿದರೆ, ಎಬ್ಬಿಸಿದರೂ ಮಗು ಏಳದಿದ್ದರೆ, ಮೊಲೆ ಹಿಡಿಯದಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಮತ್ತೆ, ಬಾಣಂತಿ ಏನೋ ಸರಿಯಿಲ್ಲ ಅಂದರೆ ಕೈಯಲ್ಲಿರುವ ಕೆಲಸ ನಿಲ್ಲಿಸಿ, ಅವಳ ಮಾತು ಕೇಳಿಸಿಕೊಳ್ಳಿ.